ಇಂಗ್ಲಿಷ್ ಪದಗಳ ಅರ್ಥ ಮತ್ತು ಬಳಕೆ: ಕುಂದಾಪುರ–ಬೈಂದೂರು ಸೀಮೆಯ ಕಲಿಕೆ

ಇಂಗ್ಲಿಷ್ ಕಲಿಯುವವರು ಒಂದು ಪದದ ಅರ್ಥವನ್ನೂ ಅದು ಸಹಜವಾಗಿ ಬಳಕೆಯಾಗುವ ಬಗೆಯನ್ನೂ ಕೇಳಿ ತಿಳಿದುಕೊಳ್ಳುವುದು ಭಾಷಾಕಲಿಕೆಯ ಮುಖ್ಯ ಅಂಗ. ಇದರಲ್ಲಿ ಎರಡು ಬೇರೆಬೇರೆ ಪ್ರಶ್ನೆಗಳಿವೆ. ‘ಇದಕ್ಕೆ ಕನ್ನಡದಲ್ಲಿ ಏನೆನ್ನುತ್ತಾರೆ?’ ಎಂಬುದು ಮೊದಲನೆಯದು. ನಿಘಂಟು ತೆರೆದರೆ ಉತ್ತರ ಸಿಗುತ್ತದೆ. ‘ಹೀಗೆ ಹೇಳುವುದುಂಟೆ? ಯಾರು, ಯಾರಿಗೆ, ಯಾವಾಗ ಹೇಳುತ್ತಾರೆ?’ ಎಂಬುದು ಎರಡನೆಯದು. ಶಾಲೆಯಲ್ಲಿ ಮೊದಲ ಪ್ರಶ್ನೆಗೆ ಸಿಗುವಷ್ಟು ಸಮಯ ಎರಡನೆಯದಕ್ಕೆ ಸಿಗುವುದಿಲ್ಲ. ಆದರೆ ಓದಿ ಅರ್ಥಮಾಡಿಕೊಳ್ಳಬಲ್ಲ ವಿದ್ಯಾರ್ಥಿಯೂ ಮಾತಾಡಲು ನಿಂತಾಗ ತಡವರಿಸುವುದು ಈ ಎರಡನೆಯ ಪ್ರಶ್ನೆ ಉತ್ತರ ಸಿಗದೆ ಉಳಿದುಬಿಟ್ಟಿರುವುದರಿಂದಲೇ.

ಸೀಮೆ ಮತ್ತು ಕಲಿಯುವವರು

ಇಂಥ ಕಲಿಕೆ ನಡೆಯುವ ಸೀಮೆಗೆ ಯಡ್ತರೆ ಒಂದು ಉದಾಹರಣೆ. ಅದು ಉಡುಪಿ ಜಿಲ್ಲೆಯ ಬೈಂದೂರು ತಾಲ್ಲೂಕಿನಲ್ಲಿ, ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿರುವ ಊರು. ಬೈಂದೂರು ಮೊದಲು ಕುಂದಾಪುರ ತಾಲ್ಲೂಕಿನ ಭಾಗವಾಗಿತ್ತು. ಇಲ್ಲಿ ಮನೆಯಲ್ಲಿ ಕುಂದಾಪುರ ಕನ್ನಡ, ಶಾಲೆಯಲ್ಲಿ ಪುಸ್ತಕದ ಕನ್ನಡ. ಜತೆಗೆ ಗಂಗೊಳ್ಳಿಯ ಕಡೆ ಕೊಂಕಣಿ, ಶಿರೂರಿನಲ್ಲಿ ನವಾಯತಿ. ಬ್ರಹ್ಮಾವರ ದಾಟಿ ತೆಂಕಿಗೆ ಹೋದಂತೆ ತುಳು. ಒಂದೇ ಮಗು ದಿನಕ್ಕೆ ಮೂರು ಬಗೆಯ ಮಾತನ್ನು ಕೇಳಿ, ಎಲ್ಲಿ ಯಾವುದು ಸಲ್ಲುತ್ತದೆಂದು ಯಾರೂ ಹೇಳಿಕೊಡದೆಯೇ ಅರಿತಿರುತ್ತದೆ.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲಾಗುತ್ತಿದೆ. ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟು 2014ರಲ್ಲಿ ತೀರ್ಪು ನೀಡಿತು. 2019–20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ಆರಂಭವಾದವು. ಕನ್ನಡ ಮಾಧ್ಯಮದಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸುವವರಿಗೆ ಇಂಗ್ಲಿಷ್ 100 ಅಂಕದ ದ್ವಿತೀಯ ಭಾಷೆ. ಅವರೇ ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡರೆ ಎರಡು ತಿಂಗಳ ರಜೆ ಕಳೆಯುವಷ್ಟರಲ್ಲಿ ಭೌತಶಾಸ್ತ್ರವೂ ಜೀವಶಾಸ್ತ್ರವೂ ಇಂಗ್ಲಿಷಾಗಿಬಿಡುತ್ತವೆ. ಪದದ ಪ್ರಶ್ನೆಗಳು ಅತಿ ಹೆಚ್ಚು ಹುಟ್ಟುವುದೂ ಸಂಕೋಚದಿಂದ ಅತಿ ಹೆಚ್ಚು ನುಂಗಿಹೋಗುವುದೂ ಈ ಹಂತದಲ್ಲಿ.

ಒಂದು ಪದ, ಹಲವು ದಾರಿ

ಮಳೆಗಾಲದ ಮಾತನ್ನೇ ತೆಗೆದುಕೊಳ್ಳಬಹುದು. ಕರಾವಳಿಯಲ್ಲಿ ಮಳೆ ಜೋರು, ಗಾಳಿ ಜೋರು, ಜ್ವರ ಜೋರು, ಮಾತಾಡುವವನ ದನಿಯೂ ಜೋರು. ಇಂಗ್ಲಿಷಿನಲ್ಲಿ ಈ ಒಂದು ಜೋರು ನಾಲ್ಕಾಗಿ ಒಡೆಯುತ್ತದೆ: ಮಳೆಗೆ ‘ಹೆವಿ’, ಗಾಳಿಗೆ ‘ಸ್ಟ್ರಾಂಗ್’, ಜ್ವರಕ್ಕೆ ‘ಹೈ’, ದನಿಗೆ ‘ಲೌಡ್’. ‘ಸ್ಟ್ರಾಂಗ್ ರೈನ್’ ಎಂದರೆ ಕೇಳಿದವರಿಗೆ ಅರ್ಥವಾಗುತ್ತದೆ, ವ್ಯಾಕರಣವೂ ಕೆಡುವುದಿಲ್ಲ. ಆದರೂ ಅದು ರೂಢಿಯ ಮಾತಲ್ಲ. ಯಾಕೆಂದು ಕೇಳಿದರೆ ಕಾರಣ ಕೊಡಲಾಗದು; ಆ ಪದಗಳು ಹಾಗೆ ಜತೆಯಾಗಿ ಬಂದಿವೆ, ಅಷ್ಟೆ. ಇಂಥ ಪದಸಾಂಗತ್ಯವನ್ನು ಅರ್ಥದ ಭಾಗವೆಂದೇ ಎಣಿಸಬೇಕೆಂದು 1950ರ ದಶಕದಲ್ಲಿ ವಾದಿಸಿದವರು ಲಂಡನ್ನಿನ ಭಾಷಾವಿಜ್ಞಾನಿ ಜೆ. ಆರ್. ಫರ್ತ್. ಪದವನ್ನು ಒಂಟಿಯಾಗಿ ಉರು ಹೊಡೆಯುವುದಕ್ಕಿಂತ ಅದರ ಜೊತೆಗಾರನೊಂದಿಗೆ ಕಲಿಯುವುದು ಲೇಸು ಎಂಬ ಇಂದಿನ ಬೋಧನಾಕ್ರಮಕ್ಕೆ ಬುನಾದಿ ಅಲ್ಲಿದೆ.

ಕ್ರಿಯಾಪದಗಳಲ್ಲಿ ತೊಡಕು ಇನ್ನೂ ದಟ್ಟ. ಕನ್ನಡದಲ್ಲಿ ಲೈಟು ಹಾಕುತ್ತೇವೆ, ಬಾಗಿಲು ಹಾಕುತ್ತೇವೆ, ಅಂಗಿ ಹಾಕುತ್ತೇವೆ, ಸಾರಿಗೆ ಉಪ್ಪು ಹಾಕುತ್ತೇವೆ. ಬಾಗಿಲು ತೆಗೆಯುತ್ತೇವೆ, ಫೋಟೋ ತೆಗೆಯುತ್ತೇವೆ, ಹಬ್ಬಕ್ಕೆ ಬಟ್ಟೆಯನ್ನೂ ತೆಗೆಯುತ್ತೇವೆ. ಇಷ್ಟಕ್ಕೆಲ್ಲ ‘ಪುಟ್’ ಮತ್ತು ‘ಟೇಕ್’ ಎರಡನ್ನೇ ನಂಬಿ ಹೊರಟರೆ ಬಾಗಿಲ ಹತ್ತಿರವೇ ಮಾತು ನಿಲ್ಲುತ್ತದೆ. ‘ನೋಡು’ ಎಂಬ ಒಂದು ಪದದ ಕೆಲಸವನ್ನು ಇಂಗ್ಲಿಷಿನಲ್ಲಿ ‘ಸೀ’, ‘ಲುಕ್’, ‘ವಾಚ್’ ಹಂಚಿಕೊಂಡಿವೆ: ಕಣ್ಣಿಗೆ ತಾನಾಗಿ ಬಿದ್ದರೆ ಮೊದಲನೆಯದು, ಬೇಕೆಂದೇ ಕಣ್ಣು ಹಾಯಿಸಿದರೆ ಎರಡನೆಯದು, ಆಟವನ್ನೋ ಟಿವಿಯನ್ನೋ ಕುಳಿತು ನೋಡಿದರೆ ಮೂರನೆಯದು. ಕುಂದಾಪುರ ಕನ್ನಡದ ‘ಹೋಯ್ಕ್’ (ಹೋಗಬೇಕು) ಎಂಬ ಪುಟ್ಟ ರೂಪಕ್ಕೆ ಎದುರಾಗಿ ‘ಮಸ್ಟ್’, ‘ಹ್ಯಾವ್ ಟು’, ‘ಶುಡ್’, ‘ನೀಡ್ ಟು’ ನಾಲ್ಕೂ ನಿಲ್ಲುತ್ತವೆ. ಹೇಳುವವರೇ ಒತ್ತಾಯಿಸುತ್ತಿದ್ದಾರೋ, ಹೊರಗಿನ ಕಟ್ಟುಪಾಡೋ, ಬರೀ ಸಲಹೆಯೋ ಎಂಬುದನ್ನು ನಾವು ದನಿಯಿಂದ, ಸಂದರ್ಭದಿಂದ ತಿಳಿಯುತ್ತೇವೆ. ಇಂಗ್ಲಿಷ್ ಅದಕ್ಕೆ ಬೇರೆ ಬೇರೆ ಪದ ಇಟ್ಟಿದೆ.

ನೆಂಟಸ್ತಿಕೆಯಲ್ಲಿ ಇದರ ತಿರುಗುಮುರುಗು. ದೊಡ್ಡಪ್ಪ, ಚಿಕ್ಕಪ್ಪ, ಮಾವ ಎಲ್ಲರೂ ‘ಅಂಕಲ್’ ಎಂಬ ಒಂದೇ ಪದದೊಳಗೆ ಸೇರಿಕೊಳ್ಳುತ್ತಾರೆ. ಅವರ ಮಕ್ಕಳೂ ಅಣ್ಣ, ತಂಗಿ ಎಂಬ ಭೇದವಿಲ್ಲದೆ ‘ಕಸಿನ್’ ಆಗುತ್ತಾರೆ. ‘ಕಸಿನ್ ಬ್ರದರ್’ ಎಂಬ ಪ್ರಯೋಗ ಆ ನಷ್ಟವನ್ನು ತುಂಬಿಕೊಡುತ್ತದೆ.

ವಿನಯದ ಪ್ರಶ್ನೆಗೆ ಹೆಚ್ಚಿನ ಗಮನ ಬೇಕು. ‘ಒಂಚೂರು ನೀರು ಕೊಡಿ’ ಎಂದಾಗ ಕನ್ನಡದಲ್ಲಿ ಮರ್ಯಾದೆಯೆಲ್ಲ ‘ಕೊಡಿ’ಯ ಕೊನೆಯ ಸ್ವರದಲ್ಲೇ ಇದೆ. ಇಂಗ್ಲಿಷಿನ ‘ಗಿವ್’ಗೆ ಏಕವಚನ ಬಹುವಚನದ ಭೇದವಿಲ್ಲ, ಅದನ್ನು ಹಾಗೇ ಬಳಸಿದರೆ ಆಜ್ಞೆಯಂತೆ ಕೇಳಿಸುತ್ತದೆ. ಅಲ್ಲಿ ಮರ್ಯಾದೆ ಇರುವುದು ‘ಕುಡ್ ಐ ಹ್ಯಾವ್’ ಎಂಬ ಸುತ್ತುಮಾತಿನಲ್ಲಿ. ಹಿರಿಯರಿಗೆ ಎದುರು ಮಾತಾಡದ ಹುಡುಗಿಯೊಬ್ಬಳು ಇಂಗ್ಲಿಷಿನಲ್ಲಿ ಒರಟಳೆನಿಸಿಕೊಳ್ಳುವುದು ಅವಳ ಸ್ವಭಾವದ ದೋಷದಿಂದಲ್ಲ. ಈ ಒಂದು ಅಂಶವನ್ನು ಯಾರೂ ಹೇಳಿಕೊಡದೆ ಬಿಟ್ಟಿರುತ್ತಾರೆ. ಸಂದರ್ಶನಕ್ಕೆ ಹೋಗುವ ಎಷ್ಟೋ ಮಕ್ಕಳಿಗೆ ಇದು ವ್ಯಾಕರಣದ ಹತ್ತು ಪಾಠಗಳಿಗಿಂತ ಹೆಚ್ಚು ಉಪಕಾರಿ.

ಉಲ್ಟಾ ದಿಕ್ಕಿನಲ್ಲಿ ಈ ಸೀಮೆಯ ಮಕ್ಕಳಿಗೆ ಒಂದು ಅನುಕೂಲವಿದೆ. ‘ಅಡ್ಡಿಲ್ಲ’ ಎಂದರೆ ನಿಘಂಟಿನ ಪ್ರಕಾರ ತಡೆಯಿಲ್ಲ ಎಂದು. ಕುಂದಾಪುರದ ಕಡೆ ಊಟ ಹೇಗಾಯಿತೆಂದು ಕೇಳಿದರೂ ಮದುವೆಯ ಸಂಬಂಧ ಹೇಗಿದೆಯೆಂದು ಕೇಳಿದರೂ ‘ಅಡ್ಡಿಲ್ಲ’ ಎಂಬುದು ಒಪ್ಪಿಗೆ, ಕೆಲವು ಸಲ ದೊಡ್ಡ ಮೆಚ್ಚುಗೆ. ಬ್ರಿಟಿಷರ ‘ನಾಟ್ ಬ್ಯಾಡ್’ ಹೆಚ್ಚುಕಡಿಮೆ ಇದೇ ಜಾತಿಯದು. ಬೈಂದೂರಿನ ವಿದ್ಯಾರ್ಥಿಗೆ ಅದನ್ನು ‘ಕೆಟ್ಟದ್ದಲ್ಲ’ ಎಂದು ಅನುವಾದಿಸಿ ಕೊಡುವುದಕ್ಕಿಂತ ‘ಅದು ನಮ್ಮ ಅಡ್ಡಿಲ್ಲದ ಹಾಗೆ’ ಎಂದರೆ ತಟ್ಟನೆ ಹೊಳೆಯುತ್ತದೆ. ಮನೆಮಾತನ್ನು ತರಗತಿಯ ಬಾಗಿಲಾಚೆ ಬಿಟ್ಟು ಬರಬೇಕೆಂಬ ಪದ್ಧತಿ ಇಂಥ ಸೇತುವೆಗಳನ್ನು ಸುಮ್ಮನೆ ಕೆಡವುತ್ತದೆ. ವ್ಯಂಗ್ಯಚಿತ್ರಕಾರ ಪಂಜು ಗಂಗೊಳ್ಳಿಯವರ ಮುಂದಾಳತ್ವದಲ್ಲಿ ಸಿದ್ಧವಾದ ಕುಂದಾಪ್ರ ಕನ್ನಡ ನಿಘಂಟು ಇಂಗ್ಲಿಷ್ ಮೇಷ್ಟರ ಮೇಜಿನ ಮೇಲೂ ಇರಬೇಕಾದ ಪುಸ್ತಕ.

ಹೋಟೆಲಿನ ಇಂಗ್ಲಿಷ್

ಈ ಸೀಮೆಯವರು ಬೆಂಗಳೂರು, ಮುಂಬಯಿ, ಚೆನ್ನೈಗಳಿಗೆ ಹೋಗಿ ಹೋಟೆಲು ಕಟ್ಟಿದವರು. ಆ ಉದ್ಯಮದ ಭಾಷೆಯಲ್ಲಿ ಇಂಗ್ಲಿಷ್ ಪದಗಳು ತುಂಬಿವೆ, ಆದರೆ ಅವು ತಮ್ಮದೇ ಅರ್ಥದಲ್ಲಿ ನೆಲೆಗೊಂಡಿವೆ. ಹೋಟೆಲ್ ಎಂದರೆ ತಿಂಡಿ ಊಟದ ಜಾಗ; ಇಂಗ್ಲಿಷಿನಲ್ಲಿ ಅದು ಉಳಿದುಕೊಳ್ಳುವ ಜಾಗ, ನಮ್ಮ ಹೋಟೆಲ್ ಅವರಿಗೆ ‘ರೆಸ್ಟೋರೆಂಟ್’. ಕಟ್ಟಿಸಿಕೊಂಡು ಹೋಗುವ ತಿಂಡಿ ನಮಗೆ ‘ಪಾರ್ಸಲ್’. ಬ್ರಿಟನ್ನಿನಲ್ಲಿ ಅದು ‘ಟೇಕ್‌ಅವೇ’, ಅಮೆರಿಕದಲ್ಲಿ ‘ಟು ಗೋ’. ಅಲ್ಲಿ ಪಾರ್ಸಲ್ ಅಂದರೆ ಅಂಚೆಯಲ್ಲಿ ಬರುವ ಕಟ್ಟು. ತಂದುಕೊಡುವವ ನಮಗೆ ‘ಸಪ್ಲೈಯರ್’, ಅಲ್ಲಿ ‘ವೇಟರ್’. ಸಪ್ಲೈಯರ್ ಎಂದರೆ ಸರಕು ಪೂರೈಸುವ ವ್ಯಾಪಾರಿ. ‘ಬೈಟು ಕಾಫಿ’ ಕೇಳಿದರೆ ಹೊರದೇಶದಲ್ಲಿ ಹೆಚ್ಚಿನವರಿಗೆ ತಿಳಿಯಲಿಕ್ಕಿಲ್ಲ.

ಇವು ತಪ್ಪು ಇಂಗ್ಲಿಷ್ ಅಲ್ಲ, ಒಳ್ಳೆಯ ಕನ್ನಡ. ಇಂಗ್ಲಿಷ್ ಮಾತಾಡುವಾಗ ಇವನ್ನು ಇಂಗ್ಲಿಷೆಂದು ನಂಬಿಬಿಡುವುದರಲ್ಲಿ ಮಾತ್ರ ಎಡವುವ ಸಂಭವವಿದೆ. ಪದ ಮೊದಲೇ ಗೊತ್ತಿದೆ ಎನಿಸಿದಲ್ಲಿ ಪ್ರಶ್ನೆ ಹುಟ್ಟುವುದೇ ಇಲ್ಲ. ಹೊರದೇಶದ ಹೋಟೆಲ್ ಕೆಲಸಕ್ಕೆ ಹೊರಟ ಯುವಕರಿಗೆ ಗೊತ್ತಿಲ್ಲದ ಪದಗಳ ಪಟ್ಟಿಗಿಂತ ಗೊತ್ತಿರುವ ಪದಗಳ ಇಂಥ ಪಟ್ಟಿ ಹೆಚ್ಚು ನೆರವಾಗುತ್ತದೆ.

ಯಾರಿಗೆ ಸಹಜ?

‘ಐ ಹ್ಯಾವ್ ಎ ಡೌಟ್’ ಎಂದು ಭಾರತದ ವಿದ್ಯಾರ್ಥಿ ಹೇಳಿದರೆ ಅವನಿಗೊಂದು ಪ್ರಶ್ನೆಯಿದೆ ಎಂದರ್ಥ. ಇಂಗ್ಲೆಂಡಿನವರಿಗೆ ಅದು ಅಪನಂಬಿಕೆಯಂತೆ ಕೇಳಬಹುದು. ಸಭೆಯನ್ನು ನಿಗದಿಗಿಂತ ಮೊದಲೇ ಇಡುವುದಕ್ಕೆ ‘ಪ್ರಿಪೋನ್’, ಊರಲ್ಲಿಲ್ಲ ಎಂಬುದಕ್ಕೆ ‘ಔಟ್ ಆಫ್ ಸ್ಟೇಷನ್’ ಇಡೀ ಭಾರತದಲ್ಲಿ ಸಲ್ಲುತ್ತವೆ. ಶ್ರೀನಗರದಲ್ಲಿ ಹುಟ್ಟಿದ ಭಾಷಾವಿಜ್ಞಾನಿ ಬ್ರಜ್ ಕಛ್ರು ಇಂಗ್ಲಿಷಿನ ಭಾರತೀಕರಣವನ್ನು ಕುರಿತ ತಮ್ಮ 1983ರ ಪುಸ್ತಕದಲ್ಲಿ ಭಾರತದ ಇಂಗ್ಲಿಷನ್ನು ತನ್ನದೇ ನಡೆಯುಳ್ಳ ಒಂದು ಪ್ರಭೇದವೆಂದು ವಿವರಿಸಿದರು. ಅದಕ್ಕೂ ಮೊದಲು ಹಾಸನದ ರಾಜಾ ರಾವ್ 1938ರ ‘ಕಾಂತಾಪುರ’ ಕಾದಂಬರಿಯಲ್ಲಿ ಕನ್ನಡ ನೆಲದ ಹಳ್ಳಿಯೊಂದರ ಮಾತಿನ ಲಯವನ್ನೇ ಇಂಗ್ಲಿಷಿಗೆ ತಂದು ತೋರಿಸಿದ್ದರು. ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿ ಎಸ್. ವಿ. ಶಾಸ್ತ್ರಿಯವರ ನೇತೃತ್ವದಲ್ಲಿ 1978ರ ಬರಹಗಳಿಂದ ಕಟ್ಟಿದ ಹತ್ತು ಲಕ್ಷ ಪದಗಳ ಭಾರತೀಯ ಇಂಗ್ಲಿಷ್ ಪಠ್ಯಸಂಗ್ರಹ ಈ ಪ್ರಭೇದವನ್ನು ಎಣಿಸಿ ನೋಡಲು ಸಾಧ್ಯವಾಗಿಸಿತು.

ಆದ್ದರಿಂದ ‘ಇದು ಸರಿಯೆ?’ ಎಂಬ ಪ್ರಶ್ನೆಗೆ ಒಂದೇ ಉತ್ತರ ಕೊಡುವುದು ನ್ಯಾಯವಲ್ಲ. ಉಡುಪಿಯ ಕಚೇರಿಗೆ ಸಲ್ಲುವುದು, ಲಂಡನ್ನಿನ ಗ್ರಾಹಕರಿಗೆ ಬರೆಯುವಾಗ ಬಿಡಬೇಕಾದದ್ದು, ಎಲ್ಲಿಯೂ ಸಲ್ಲದ್ದು ಎಂದು ಮೂರಾಗಿ ವಿಂಗಡಿಸಿ ಹೇಳುವ ಶಿಕ್ಷಕರು ಮಕ್ಕಳಿಗೆ ನಿಜವಾದ ಉಪಕಾರ ಮಾಡುತ್ತಾರೆ. ‘ಡಿಸ್ಕಸ್ ಅಬೌಟ್’ ಎಂಬುದು ‘ಅದರ ಬಗ್ಗೆ ಚರ್ಚಿಸು’ ಎಂಬುದರ ನೆರಳು. ಮಾತಿನಲ್ಲಿ ನಡೆದುಹೋಗುತ್ತದೆ, ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ. ‘ನನಗೆ ವಿವರಿಸಿ’ ಎಂಬುದರಿಂದ ಬಂದ ‘ಎಕ್ಸ್‌ಪ್ಲೇನ್ ಮಿ’ಯ ಪಾಡೂ ಅದೇ.

ನಿಘಂಟುಗಳು ಯಾರಿಗಾಗಿ

ಕನ್ನಡ–ಇಂಗ್ಲಿಷ್ ನಿಘಂಟುಗಳ ಚರಿತ್ರೆ ಶುರುವಾಗುವುದು ಕನ್ನಡ ಕಲಿಯಬೇಕಾಗಿದ್ದ ಹೊರಗಿನವರಿಂದ. ಬಳ್ಳಾರಿಯಲ್ಲಿದ್ದ ಪಾದ್ರಿ ವಿಲಿಯಂ ರೀವ್ ಇಂಗ್ಲಿಷ್–ಕನ್ನಡ ಕೋಶವನ್ನು 1824ರಲ್ಲೂ ಕನ್ನಡ–ಇಂಗ್ಲಿಷ್ ಕೋಶವನ್ನು 1832ರಲ್ಲೂ ಪ್ರಕಟಿಸಿದರು. ಮಂಗಳೂರಿನ ಬಾಸೆಲ್ ಮಿಷನ್ನಿನಿಂದ 1894ರಲ್ಲಿ ಫರ್ಡಿನೆಂಡ್ ಕಿಟೆಲ್ಲರ ಮಹಾಕೋಶ ಬಂತು. ಅದಕ್ಕೂ ಮೊದಲು 1886ರಲ್ಲಿ ಮ್ಯಾನರ್ ಅವರ ತುಳು–ಇಂಗ್ಲಿಷ್ ನಿಘಂಟು. ಇವುಗಳ ವಿದ್ವತ್ತಿಗೆ ಕೈಮುಗಿಯಬೇಕು. ಆದರೆ ಇಂಗ್ಲಿಷ್ ಕಲಿಯುವ ಕನ್ನಡದ ಹುಡುಗ ಇವುಗಳ ಎಣಿಕೆಯಲ್ಲಿರಲಿಲ್ಲ. ಕನ್ನಡಿಗರ ಅಗತ್ಯವನ್ನೇ ಮುಂದಿಟ್ಟುಕೊಂಡ ದೊಡ್ಡ ಪ್ರಯತ್ನ ಮೈಸೂರು ವಿಶ್ವವಿದ್ಯಾಲಯದ ಇಂಗ್ಲಿಷ್–ಕನ್ನಡ ನಿಘಂಟು. ಅದು 1946ರಲ್ಲಿ ಹೊರಬಂತು.

ಬಳಕೆಯ ಪ್ರಶ್ನೆಗೆ ಉತ್ತರ ಕೊಡುವ ನಿಘಂಟು ಹುಟ್ಟಿದ್ದು ಇಂಗ್ಲೆಂಡಿನ ಹೊರಗೆ. ಢಾಕಾದಲ್ಲಿ ಕೆಲಸ ಮಾಡುತ್ತಿದ್ದ ಮೈಕೆಲ್ ವೆಸ್ಟ್ ಬಂಗಾಳದ ಮಕ್ಕಳ ಓದನ್ನು ಅಭ್ಯಸಿಸಿ, 1935ರಲ್ಲಿ 1490 ಪದಗಳಷ್ಟರಲ್ಲೇ ಎಲ್ಲ ಅರ್ಥಗಳನ್ನು ವಿವರಿಸುವ ನಿಘಂಟನ್ನು ಎಂಡಿಕಾಟ್ ಜತೆಗೂಡಿ ತಂದರು. ಜಪಾನಿನಲ್ಲಿ ಪಾಠ ಹೇಳುತ್ತಿದ್ದ ಎ. ಎಸ್. ಹಾರ್ನ್‌ಬಿ ಯಾವ ಕ್ರಿಯಾಪದ ಯಾವ ವಾಕ್ಯರಚನೆಯನ್ನು ಬೇಡುತ್ತದೆಂದು ಗುರುತಿಸಿ ಮಾಡಿದ ಕೋಶ 1942ರಲ್ಲಿ ಟೋಕಿಯೊದಲ್ಲಿ ಅಚ್ಚಾಯಿತು. 1948ರಲ್ಲಿ ಅದನ್ನು ಆಕ್ಸ್‌ಫರ್ಡ್ ಮರುಮುದ್ರಿಸಿತು. ಕಲಿಯುವವರ ನಡುವೆ ಮಾಡಿದ ಕೆಲಸದಿಂದಲೇ ಈ ಎರಡೂ ಬೆಳೆದವು. ಬರ್ಮಿಂಗ್‌ಹ್ಯಾಮಿನಲ್ಲಿ ಜಾನ್ ಸಿಂಕ್ಲೇರ್ ಅವರ ತಂಡ 1987ರಲ್ಲಿ ತಂದ ಕೋಬಿಲ್ಡ್ ನಿಘಂಟು ಕಂಪ್ಯೂಟರಿನಲ್ಲಿ ಕೂಡಿಟ್ಟ ನಿಜವಾದ ವಾಕ್ಯಗಳನ್ನು ಆಧರಿಸಿ, ಅರ್ಥವನ್ನೇ ಪೂರ್ಣ ವಾಕ್ಯವಾಗಿ ಹೇಳಿತು.

ಕನ್ನಡ ಓದುಗರಿಗೆ ಪದದ ಬಗ್ಗೆ ಕೇಳುವ ಹಂಬಲ ಎಷ್ಟಿದೆಯೆಂದು ತೋರಿಸಿದ್ದು ಪ್ರೊ. ಜಿ. ವೆಂಕಟಸುಬ್ಬಯ್ಯನವರ ‘ಇಗೋ ಕನ್ನಡ’. ಪ್ರಜಾವಾಣಿಯಲ್ಲಿ 1991ರಲ್ಲಿ ಆರಂಭವಾದ ಈ ಅಂಕಣಕ್ಕೆ ಊರೂರುಗಳಿಂದ ಕಾಗದಗಳು ಬರುತ್ತಿದ್ದವು. ಕೇಳಿದವರನ್ನು ಹಗುರಾಗಿ ಕಾಣದೆ, ಪದದ ಮೂಲ, ಪ್ರಯೋಗ, ಇಂದಿನ ರೂಢಿ ಮೂರನ್ನೂ ತೂಗಿ ಅವರು ಉತ್ತರಿಸುತ್ತಿದ್ದರು. 2021ರಲ್ಲಿ, 107 ವರ್ಷ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಇಂಗ್ಲಿಷ್ ಪದಗಳ ಬಗ್ಗೆ ಕನ್ನಡದಲ್ಲಿ ಕೇಳುವವರಿಗೂ ಇದೇ ಗೌರವದ ಕ್ರಮ ಮಾದರಿಯಾಗಬೇಕು.

ತರಗತಿಯಲ್ಲಿ

ಬೆಂಗಳೂರಿನ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ 1963ರಿಂದ ದಕ್ಷಿಣದ ರಾಜ್ಯಗಳ ಶಿಕ್ಷಕರಿಗೆ ತರಬೇತಿ ಕೊಡುತ್ತಿದೆ. ಎನ್. ಎಸ್. ಪ್ರಭು 1979ರಿಂದ 1984ರವರೆಗೆ ನಡೆಸಿದ, ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಜಗತ್ತಿಗೆ ಪರಿಚಯವಾದ ಪ್ರಯೋಗಕ್ಕೆ ನೆಲೆಯಾದದ್ದು ಈ ಸಂಸ್ಥೆ. ವ್ಯಾಕರಣದ ಪಾಠ ಬದಿಗಿಟ್ಟು ಸಾಧಾರಣ ಸರ್ಕಾರಿ ಶಾಲೆಯ ಮಕ್ಕಳಿಗೆ ನಕ್ಷೆ ನೋಡಿ ದಾರಿ ಹೇಳುವ, ರೈಲಿನ ವೇಳಾಪಟ್ಟಿ ಓದಿ ಲೆಕ್ಕ ಹಾಕುವ ಕೆಲಸಗಳನ್ನು ಕೊಟ್ಟರು. ಕೆಲಸ ಮುಗಿಸಲು ಬೇಕಾದಾಗ ಮಗು ತಾನೇ ಪದ ಕೇಳುತ್ತಿತ್ತು. ಕೊಂಕಣ ರೈಲ್ವೆಯ ಮೂಕಾಂಬಿಕಾ ರೋಡ್ ಬೈಂದೂರು ನಿಲ್ದಾಣದ ವೇಳಾಪಟ್ಟಿಯನ್ನಿಟ್ಟು ಯಡ್ತರೆಯಲ್ಲೂ ಇದೇ ಪಾಠ ಮಾಡಬಹುದು: ‘ಅರೈವ್’, ‘ರೀಚ್’, ‘ಕ್ಯಾಚ್’, ‘ಮಿಸ್’ ನಾಲ್ಕೂ ಅಲ್ಲಿವೆ.

ಇಂಗ್ಲಿಷ್ ಕಲಿತರೆ ಕನ್ನಡವನ್ನು ಬಿಡಬೇಕಾಗಿಲ್ಲ; ಇಂಗ್ಲಿಷ್ ಬಲ್ಲ ದೊಡ್ಡ ಕನ್ನಡಿಗರು ಈ ನೆಲದಲ್ಲೇ ಹುಟ್ಟಿದ್ದಾರೆ. ಬೈಂದೂರಿಗೆ ಸಮೀಪದ ಮೊಗೇರಿಯ ಗೋಪಾಲಕೃಷ್ಣ ಅಡಿಗರು (1918–1992) ಇಂಗ್ಲಿಷ್ ಅಧ್ಯಾಪಕರಾಗಿ, ಸಾಗರ ಮತ್ತು ಉಡುಪಿಯ ಕಾಲೇಜುಗಳಲ್ಲಿ ಪ್ರಾಂಶುಪಾಲರಾಗಿ ದುಡಿದರು. ಕಾವ್ಯಕ್ಕೆ ಆರಿಸಿಕೊಂಡದ್ದು ಕನ್ನಡವನ್ನು. ಕೋಟದ ಶಿವರಾಮ ಕಾರಂತರು ಕಾದಂಬರಿಗಳ ನಡುವೆಯೇ ‘ಸಿರಿಗನ್ನಡ ಅರ್ಥಕೋಶ’ವನ್ನೂ ಮಾಡಿಕೊಟ್ಟರು.

ಈಗ ಪ್ರಶ್ನೆಗಳು ಹೆಚ್ಚಾಗಿ ಮೊಬೈಲಿಗೆ ಹೋಗುತ್ತವೆ. ಗೂಗಲ್ ಅನುವಾದಕ್ಕೆ ಕನ್ನಡ ಸೇರಿದ್ದು 2011ರಲ್ಲಿ. ವಿ. ಕೃಷ್ಣ ಅವರು ವರ್ಷಗಟ್ಟಲೆ ಕಟ್ಟಿದ ‘ಅಲರ್’ ಕನ್ನಡ–ಇಂಗ್ಲಿಷ್ ಕೋಶ 2019ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಒಂದೂವರೆ ಲಕ್ಷ ಪದಗಳು ಅದರಲ್ಲಿವೆ. ಮೊಬೈಲಿನ ಮುಂದೆ ಸಂಕೋಚವಿಲ್ಲ, ಅದು ದೊಡ್ಡ ಲಾಭ. ಆದರೆ ಬರೀ ಪದ ಕೊಟ್ಟು ಕೇಳಿದರೆ ಬರೀ ಪದವೇ ವಾಪಸು ಬರುತ್ತದೆ. ಆ ಪದ ಕಂಡ ಇಡೀ ವಾಕ್ಯ, ಹೇಳಿದವರು ಯಾರು, ತಾನು ಹೇಳಬೇಕಾಗಿರುವುದು ಯಾರಿಗೆ ಎಂಬುದನ್ನು ಜೊತೆಗಿಟ್ಟು ಕೇಳಿದರೆ ಯಂತ್ರದಿಂದಲೂ ಮೇಷ್ಟರಿಂದಲೂ ಬಳಕೆಗೆ ಬರುವ ಉತ್ತರ ದೊರೆಯುತ್ತದೆ. ‘ಹೆವಿ ರೈನ್ ಅನ್ನಲೋ ಸ್ಟ್ರಾಂಗ್ ರೈನ್ ಅನ್ನಲೋ’ ಎಂದು ಎರಡನ್ನೂ ಎದುರಿಗಿಟ್ಟು ಕೇಳುವುದು ಇನ್ನೂ ಉತ್ತಮ.