ರೇ ನ್ಯಾನ್ಸ್ ನುಡಿಸಿದ ಎರಡು ಸುತ್ತು

ಡ್ಯೂಕ್ ಎಲಿಂಗ್ಟನ್ ಅವರ ಜಾಜ್ ವಾದ್ಯವೃಂದದಲ್ಲಿ ರೇ ನ್ಯಾನ್ಸ್ ಅವರಿಗಿದ್ದ ಅಡ್ಡಹೆಸರು ‘ಫ್ಲೋರ್‌ಶೋ’. ಟ್ರಂಪೆಟ್, ಪಿಟೀಲು, ಹಾಡು, ಕುಣಿತ ನಾಲ್ಕನ್ನೂ ಒಬ್ಬರೇ ನಿಭಾಯಿಸುತ್ತಿದ್ದುದರಿಂದ ಬಂದದ್ದು. ಅವರನ್ನು ಬರೀ ರಂಜಕರೆಂದು ಬದಿಗಿಡಲು ಈ ಹೆಸರೇ ನೆಪವಾಯಿತೇನೋ ಎಂಬುದು ನನ್ನ ಅನುಮಾನ. ಧ್ವನಿಮುದ್ರಿಕೆಗಳನ್ನು ಕೇಳಿದರೆ ಸಿಗುವ ನ್ಯಾನ್ಸ್ ಬೇರೆ.

1913ರಲ್ಲಿ ಶಿಕಾಗೋದಲ್ಲಿ ಹುಟ್ಟಿ, ಅರ್ಲ್ ಹೈನ್ಸ್ ಮತ್ತು ಹೊರೇಸ್ ಹೆಂಡರ್ಸನ್ ತಂಡಗಳಲ್ಲಿ ಪಳಗಿದ ಅವರು ಎಲಿಂಗ್ಟನ್ ಬಳಿ ಬಂದದ್ದು 1940ರ ನವೆಂಬರಿನಲ್ಲಿ. ತೆರವಾಗಿದ್ದುದು ಕೂಟಿ ವಿಲಿಯಮ್ಸ್ ಜಾಗ. ಮ್ಯೂಟ್ ಎಂಬ ದನಿಮುಚ್ಚಳ ಹಾಕಿದ ಟ್ರಂಪೆಟ್ಟನ್ನು ಮನುಷ್ಯರ ದನಿಯಂತೆ ಗುರುಗುಟ್ಟಿಸುತ್ತಿದ್ದ ಕಲಾವಿದನ ಕುರ್ಚಿ ಅದು, ಹೊಸಬರಿಗೆ ಸುಲಭದ್ದಲ್ಲ.

ಮೂರು ತಿಂಗಳು ದಾಟಿತ್ತಷ್ಟೇ. 1941ರ ಫೆಬ್ರುವರಿ 15ರಂದು ಬಿಲ್ಲಿ ಸ್ಟ್ರೇಹಾರ್ನ್ ಅವರ ‘ಟೇಕ್ ದ ಎ ಟ್ರೇನ್’ ಮುದ್ರಣವಾಯಿತು. ಮೂರು ನಿಮಿಷದ ಆ ಮುದ್ರಿಕೆಯನ್ನು ನಿಧಾನವಾಗಿ ಕೇಳಬೇಕು. ಮೊದಲು ನಾಲ್ಕು ಬಾರ್, ಅಂದರೆ ನಾಲ್ಕು ತಾಳಾವರ್ತ, ಪಿಯಾನೊ. ಸ್ಯಾಕ್ಸೊಫೋನ್‌ಗಳು ಒಂದೇ ದನಿಯಲ್ಲಿ ಮೂಲ ಧಾಟಿಯನ್ನು ನುಡಿಸುತ್ತವೆ. ಎರಡನೆಯ ಸುತ್ತು ನ್ಯಾನ್ಸ್ ಅವರದು, ಮ್ಯೂಟ್ ಹಾಕಿ, ಮೆಲುದನಿಯಲ್ಲಿ, ಪಕ್ಕದಲ್ಲಿ ಕೂತವರೊಡನೆ ಮಾತಾಡಿದ ಹಾಗೆ. ಆಮೇಲೆ ನಾಲ್ಕು ಬಾರಿನ ಒಂದು ಕೊಂಡಿ. ಶ್ರುತಿ ‘ಸಿ’ಯಿಂದ ‘ಈ ಫ್ಲ್ಯಾಟ್’ಗೆ ಏರುತ್ತದೆ. ಮ್ಯೂಟ್ ಕಳಚಿದ ಟ್ರಂಪೆಟ್ ಈಗ ಸ್ಯಾಕ್ಸೊಫೋನ್‌ಗಳಿಗೆ ಎದುರು ನಿಂತು ಗಟ್ಟಿಯಾಗಿ ಉತ್ತರ ಕೊಡುತ್ತದೆ. ಒಂದೇ ವಾದ್ಯ, ಒಬ್ಬನೇ ವಾದಕ. ಕೇಳುವ ಕಿವಿಗೆ ಇಬ್ಬರು.

ಆ ಎರಡು ಸುತ್ತುಗಳನ್ನು ಮುಂದಿನ ಟ್ರಂಪೆಟ್ ವಾದಕರು ಹೆಚ್ಚುಕಡಿಮೆ ಸ್ವರಕ್ಕೆ ಸ್ವರ ಉಳಿಸಿಕೊಂಡು ನುಡಿಸುತ್ತ ಬಂದರು. ನಮ್ಮ ಕರ್ನಾಟಕ ಸಂಗೀತದ ಪರಿಭಾಷೆಯಲ್ಲಿ ಹೇಳುವುದಾದರೆ, ಮನೋಧರ್ಮವೇ ಕಲ್ಪಿತವಾಯಿತು, ಕೃತಿಗೆ ಅಂಟಿಕೊಂಡ ಚಿಟ್ಟೆಸ್ವರದ ಹಾಗೆ. ರಚನೆ ಸ್ಟ್ರೇಹಾರ್ನ್ ಅವರದೇ, ಅದರಲ್ಲಿ ತಕರಾರಿಲ್ಲ. ಆದರೆ ಇಂದು ನಾವು ‘ಎ ಟ್ರೇನ್’ ಎಂದು ಗುನುಗುವುದರಲ್ಲಿ ನ್ಯಾನ್ಸ್ ಪಾಲೂ ಇದೆ, ಅದನ್ನು ಹೆಸರು ಹೇಳಿ ಗುರುತಿಸಬೇಕು.

ಪಿಟೀಲಿನ ಕತೆ ಇನ್ನೊಂದು. 1943ರ ಜನವರಿ 23ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಎಲಿಂಗ್ಟನ್ ಅವರ ದೀರ್ಘ ಕೃತಿ ‘ಬ್ಲ್ಯಾಕ್, ಬ್ರೌನ್ ಅಂಡ್ ಬೇಜ್’ ನಡೆದಾಗ, ಅದರ ‘ಕಮ್ ಸಂಡೇ’ ಭಾಗಕ್ಕೆ ಎಲಿಂಗ್ಟನ್ ಆರಿಸಿಕೊಂಡದ್ದು ನ್ಯಾನ್ಸ್ ಅವರ ಪಿಟೀಲನ್ನು ಮತ್ತು ಜಾನಿ ಹಾಡ್ಜಸ್ ಅವರ ಆಲ್ಟೊ ಸ್ಯಾಕ್ಸೊಫೋನನ್ನು. ಇಡೀ ಕೃತಿಯ ಅತ್ಯಂತ ಭಕ್ತಿಭಾವದ ಜಾಗವದು. 1958ರಲ್ಲಿ ಗಾಸ್ಪೆಲ್ ಗಾಯಕಿ ಮಹೇಲಿಯಾ ಜಾಕ್ಸನ್ ಅದನ್ನು ಹಾಡಿದ ಮುದ್ರಿಕೆಯಲ್ಲೂ ಅದೇ ಪಿಟೀಲು ಬರುತ್ತದೆ. ರಂಜಕನೆಂದಷ್ಟೇ ಎಣಿಸಿದವನ ಕೈಗೆ ಪ್ರಾರ್ಥನೆಯನ್ನು ಯಾರೂ ಎರಡೆರಡು ಸಲ ಕೊಡುವುದಿಲ್ಲ.

1963ರ ಸೆಪ್ಟೆಂಬರಿನಲ್ಲಿ, ಅಮೆರಿಕ ಸರ್ಕಾರದ ಪ್ರವಾಸದ ನಡುವೆ, ನ್ಯಾನ್ಸ್ ಜೋರ್ಡಾನಿನಿಂದಲೇ ವೃಂದ ಬಿಟ್ಟು ಮರಳಿದರು. ವೃಂದ ಮುಂದೆ ದೆಹಲಿ, ಮುಂಬಯಿಗಳಿಗೆ ಬಂದಾಗ ಅವರಿರಲಿಲ್ಲ. ಅದೇ ವರ್ಷದ ಫೆಬ್ರುವರಿಯಲ್ಲಿ ಅವರು ಪ್ಯಾರಿಸ್ಸಿನಲ್ಲಿ ಸ್ಟೆಫಾನ್ ಗ್ರಾಪೆಲಿ ಮತ್ತು ವಯೋಲಾ ಹಿಡಿದ ಸ್ವೆಂಡ್ ಆಸ್ಮುಸೆನ್ ಜೊತೆ ಕೂತು ಎಲಿಂಗ್ಟನ್‌ಗಾಗಿ ಪಿಟೀಲು ನುಡಿಸಿದ್ದರು. ಆ ಮುದ್ರಣ ಹೊರಬಂದದ್ದು 1976ರಲ್ಲಿ. ನ್ಯಾನ್ಸ್ ತೀರಿಕೊಂಡದ್ದು ಅದೇ ವರ್ಷದ ಜನವರಿ 28ರಂದು.