ಹಿತ್ತಲ ತರಕಾರಿ ತೋಟ (ಬೇವೂರು ಸೀಮೆ)

ಮನೆಯ ಅಡುಗೆಗೆ ಬೇಕಾದ ಪಲ್ಲೆ, ಕಾಯಿಗಳನ್ನು ಹಿತ್ತಲಲ್ಲೇ ಬೆಳೆಯುವ ಕೈತೋಟ. ಕೊಪ್ಪಳ ಜಿಲ್ಲೆಯ ಯಲಬುರ್ಗಾ ಸೀಮೆಯ ಬೇವೂರು ಕರ್ನಾಟಕದ ಉತ್ತರ ಒಣವಲಯಕ್ಕೆ ಸೇರುತ್ತದೆ. ಈ ವಲಯದ ವಾರ್ಷಿಕ ಮಳೆ ಸುಮಾರು 464ರಿಂದ 785 ಮಿಲಿಮೀಟರ್. ಅದರಲ್ಲೂ ಸೆಪ್ಟೆಂಬರ್‌ನದೇ ದೊಡ್ಡ ಪಾಲು. ಹೀಗಾಗಿ ಇಲ್ಲಿ ತೋಟದ ಯೋಜನೆ ನೀರಿನಿಂದಲೇ ಶುರುವಾಗಬೇಕು, ಬೀಜದಿಂದಲ್ಲ.

ಪಾತ್ರೆ, ತರಕಾರಿ ತೊಳೆದ ನೀರು ಹರಿಯುವ ಕಡೆಗೇ ಮಡಿ ಮಾಡುವುದು ಜಾಣತನ. ಸಾಬೂನಿನ ನೀರು ಸೊಪ್ಪಿನ ಮಡಿಗೆ ಬೇಡ. ಎರೆಮಣ್ಣು ಮಳೆಯಲ್ಲಿ ನೀರು ಹಿಡಿದು ಬೇರು ಕೊಳೆಸುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಏರುಮಡಿ, ಕೊಳೆತ ಸಗಣಿಗೊಬ್ಬರ, ಮೇಲೆ ಒಣಹುಲ್ಲಿನ ಹೊದಿಕೆ, ಈ ಮೂರೂ ಬೇಕೇ ಬೇಕು. ಮಸಾರಿ ಮಣ್ಣಿನಲ್ಲಿ ನೀರು ಬೇಗ ಬಸಿಯುವುದರಿಂದ ತಗ್ಗುಮಡಿ ಮೇಲು.

ಹೊಸಬರು ದಿನಕ್ಕೆ ಆರು ತಾಸಾದರೂ ಬಿಸಿಲು ಬೀಳುವ ಒಂದೆರಡು ಮಡಿಗಳಿಂದ ಆರಂಭಿಸಬಹುದು.

ಮೊದಲಿಗೆ ಮೆಂತೆ: ತಿಂಗಳೊಳಗೆ ಕೈಗೆ ಬಂದು ಉತ್ಸಾಹ ಉಳಿಸುತ್ತದೆ. ಹದಿನೈದು ದಿನಕ್ಕೊಂದು ಸಾಲು ಬಿತ್ತಿದರೆ ಸೊಪ್ಪು ತಪ್ಪುವುದಿಲ್ಲ. ಪುಂಡಿಪಲ್ಲೆ, ಚವಳಿಕಾಯಿ ಬರ ತಡೆಯುತ್ತವೆ. ಬದನೆ, ಟೊಮೆಟೊ, ಮೆಣಸಿನಕಾಯಿಗಳನ್ನು ಸಸಿ ಮಾಡಿ ನಾಲ್ಕೈದು ವಾರದ ನಂತರ ನಾಟಿ ಮಾಡಬೇಕು. ಈ ಮೂರೂ ಒಂದೇ ಕುಟುಂಬದವು. ರೋಗ ಮಣ್ಣಿನಲ್ಲಿ ಉಳಿಯದಂತೆ ಮರುವರ್ಷ ಆ ಮಡಿಗೆ ಅವರೆ ಜಾತಿಯ ಬೆಳೆ ಹಾಕುವುದು ಒಳ್ಳೆಯದು. ಬೆಂಡೆಯ ಹಳದಿ ನಂಜುರೋಗ ತಡೆಯಲು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಅನಾಮಿಕಾ’ ತಳಿಯಿದೆ.

ಹೀರೆ ಬಳ್ಳಿಯನ್ನು ಬೇಲಿಗೆ ಹಬ್ಬಿಸಬಹುದು. ಆಡುಗಳು ಓಡಾಡುವ ಊರಾದ್ದರಿಂದ ಬಿತ್ತನೆಗೆ ಮೊದಲೇ ಆ ಬೇಲಿ ನಿಂತಿರಬೇಕು.