ಬ್ರೂಕ್ಲಿನ್ ಕಾದ 'ಮುಂದಿನ ವರ್ಷ'

ಸೋತವರ ಬಾಯಲ್ಲಿ ಯಾವಾಗಲೂ ಒಂದು ಮಾತು ಸಿದ್ಧವಾಗಿರುತ್ತೆ. 'ಇರ್ಲಿ ಬಿಡ್ರೀ, ಮುಂದಿನ ವರ್ಷ ನೋಡ್ಕೋತೀವಿ' ಅಂತ. ಒಂದು ಸಲ ಹೇಳಿದರೆ ಅದು ಛಲ. ಎರಡು ಸಲ ಹೇಳಿದರೆ ಸಮಾಧಾನ. ಏಳು ಸಲ ಹೇಳಿದರೆ? ಅಕ್ಕಪಕ್ಕದವರು ನಗೋದಕ್ಕೆ ಶುರು ಮಾಡ್ತಾರೆ. ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಬ್ರೂಕ್ಲಿನ್ ಅನ್ನೋ ಭಾಗವಿದೆ. ಅಲ್ಲಿನ ಜನ ಈ ಮಾತನ್ನು ಏಳು ಸಲ ಹೇಳಿದ್ದರು. 1916, 1920, 1941, 1947, 1949, 1952, 1953. ಏಳು ಫೈನಲ್, ಏಳು ಸೋಲು. ಅದರಲ್ಲೂ ಕೊನೆಯ ಐದು ಸೋಲು ಒಂದೇ ತಂಡದ ಕೈಯಲ್ಲಿ.

ನಾನು ಇವತ್ತು ಹೇಳ್ತಿರೋದು ಬೇಸ್‌ಬಾಲ್ ಕಥೆ. ನಮಗೂ ಬೇಸ್‌ಬಾಲ್‌ಗೂ ಏನು ಸಂಬಂಧ ಅಂತ ಪುಟ ತಿರುಗಿಸಬೇಡಿ. ಇದು ಆಟದ ಕಥೆ ಅನ್ನೋದಕ್ಕಿಂತ ಹೆಚ್ಚಾಗಿ ಒಂದು ಊರು ಮತ್ತು ಅದರ ಅಭಿಮಾನದ ಕಥೆ. ಆ ಅಭಿಮಾನಕ್ಕೆ ಮಾಲೀಕರು ಯಾರು ಅನ್ನೋ ಪ್ರಶ್ನೆಯ ಕಥೆ.

ಮೊದಲು ಊರಿನ ವಿಚಾರ. ಬ್ರೂಕ್ಲಿನ್ ಮೊದಲಿನಿಂದಲೂ ನ್ಯೂಯಾರ್ಕ್‌ನ ಭಾಗವಾಗಿರಲಿಲ್ಲ. ಅದು ಸ್ವತಂತ್ರ ನಗರ. 1898ರ ಜನವರಿ 1ರಂದು ಅದನ್ನು ನ್ಯೂಯಾರ್ಕ್‌ಗೆ ಸೇರಿಸಲಾಯಿತು. ಕಾಗದದ ಮೇಲೆ ಸೇರಿಸುವುದು ಸುಲಭ. ಮನಸ್ಸಿನಲ್ಲಿ? ಹತ್ತಾರು ವರ್ಷ ಕಳೆದರೂ ಅಲ್ಲಿನ ಜನ ತಮ್ಮನ್ನು ಬ್ರೂಕ್ಲಿನ್‌ನವರು ಅಂತಲೇ ಕರೆದುಕೊಂಡರು. ಹಾಗೆ ಕರೆದುಕೊಳ್ಳೋದಕ್ಕೆ ಅವರ ಬಳಿ ಎರಡು ದೊಡ್ಡ ಗುರುತುಗಳಿದ್ದವು. ಒಂದು, ಅವರ ಪತ್ರಿಕೆ 'ಬ್ರೂಕ್ಲಿನ್ ಈಗಲ್'. ಇನ್ನೊಂದು, ಅವರ ಬೇಸ್‌ಬಾಲ್ ತಂಡ ಡಾಡ್ಜರ್ಸ್. ಆ ಹೆಸರು ಬಂದದ್ದೂ ಊರಿನ ಬೀದಿಯಿಂದಲೇ. ಟ್ರಾಮ್‌ಗಳಿಂದ ತಪ್ಪಿಸಿಕೊಂಡು ರಸ್ತೆ ದಾಟುವ ಜನ ಅಂತ ಬ್ರೂಕ್ಲಿನ್‌ನವರನ್ನು ಬೇರೆಯವರು ಹಂಗಿಸುತ್ತಿದ್ದರು. ಆ ಹಂಗಿಕೆಯೇ ತಂಡದ ಹೆಸರಾಯಿತು.

ಎದುರಾಳಿ ಯಾರು? ಅದೇ ನಗರದ ಬ್ರಾಂಕ್ಸ್ ಭಾಗದ ನ್ಯೂಯಾರ್ಕ್ ಯಾಂಕೀಸ್. 1955ಕ್ಕೆ ಮುಂಚೆಯೇ 16 ಸಲ ಚಾಂಪಿಯನ್ ಆಗಿದ್ದ ತಂಡ. 1949ರಿಂದ 1953ರವರೆಗೆ ಸತತ ಐದು ವರ್ಷ ಕಪ್ ಅವರದೇ. ಯಾಂಕೀಸ್ ಅಂದರೆ ಗೆಲುವು, ಡಾಡ್ಜರ್ಸ್ ಅಂದರೆ ಸೋಲು. ಒಂದೇ ಊರು, ಒಂದೇ ಸಬ್‌ವೇ ರೈಲು. ಗೆದ್ದವನೂ ಸೋತವನೂ ಬೆಳಿಗ್ಗೆ ಒಂದೇ ಬೋಗಿಯಲ್ಲಿ ಕೂತು ಕೆಲಸಕ್ಕೆ ಹೋಗಬೇಕು. ಆ ಸಂಕಟ ಊಹಿಸಿಕೊಳ್ಳಿ!

ಸೋತ ರೀತಿಯಾದರೂ ಎಂಥದ್ದು? 1941ರ ಸರಣಿಯ ನಾಲ್ಕನೇ ಪಂದ್ಯ. ಬ್ರೂಕ್ಲಿನ್ 4-3ರಿಂದ ಮುಂದಿದೆ. ಕೊನೆಯ ಇನ್ನಿಂಗ್ಸ್, ಯಾಂಕೀಸ್‌ನ ಇಬ್ಬರು ಔಟಾಗಿದ್ದಾರೆ. ಮೂರನೆಯವನು ಬ್ಯಾಟ್ ಬೀಸಿದ, ಚೆಂಡು ತಾಗಲಿಲ್ಲ. ಪಂದ್ಯ ಮುಗಿಯಿತು ಅನ್ನುವಷ್ಟರಲ್ಲಿ ಕ್ಯಾಚರ್ ಮಿಕಿ ಓವೆನ್ ಕೈಯಿಂದ ಚೆಂಡು ಜಾರಿತು. ನಮ್ಮ ವಿಕೆಟ್ ಕೀಪರ್ ಇದ್ದಾನಲ್ಲ, ಹಾಗೆ ಬ್ಯಾಟ್ಸ್‌ಮನ್ ಹಿಂದೆ ಕೂರುವವನೇ ಕ್ಯಾಚರ್. ಅವನು ಚೆಂಡು ಬಿಟ್ಟರೆ ಬ್ಯಾಟ್ಸ್‌ಮನ್ ಓಡಬಹುದು. ಓಡಿಯೇಬಿಟ್ಟ. ಸೋತಿದ್ದ ಯಾಂಕೀಸ್ ಆ ಪಂದ್ಯವನ್ನು 7-4ರಿಂದ ಗೆದ್ದಿತು. ಹಣೆಬರಹ ಅಂತಾರಲ್ಲ, ಬ್ರೂಕ್ಲಿನ್‌ನವರು ಅದನ್ನು ಕಣ್ಣಾರೆ ನೋಡಿದ್ದರು.

ಆದರೆ ಬ್ರೂಕ್ಲಿನ್ ಒಂದು ವಿಷಯದಲ್ಲಿ ಎಲ್ಲರಿಗಿಂತ ಮೊದಲು ಗೆದ್ದಿತ್ತು. ಅದು ಕಪ್ ಅಲ್ಲ. 1947ರ ಏಪ್ರಿಲ್ 15ರಂದು ಎಬೆಟ್ಸ್ ಫೀಲ್ಡ್ ಮೈದಾನಕ್ಕೆ ಜಾಕಿ ರಾಬಿನ್ಸನ್ ಎಂಬ ಕಪ್ಪು ಆಟಗಾರ ಡಾಡ್ಜರ್ಸ್ ಸಮವಸ್ತ್ರದಲ್ಲಿ ಇಳಿದ. ಅಷ್ಟು ಕಾಲ, ಆ ಇಡೀ ಇಪ್ಪತ್ತನೇ ಶತಮಾನದಲ್ಲಿ, ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಕಪ್ಪು ಜನರಿಗೆ ಜಾಗವಿರಲಿಲ್ಲ. ಅದನ್ನು ಯಾವ ಕಾನೂನೂ ಹೇಳಿರಲಿಲ್ಲ. ಮಾಲೀಕರು ತಮ್ಮತಮ್ಮಲ್ಲೇ ಮಾಡಿಕೊಂಡ ಬಾಯಿಮಾತಿನ ಒಪ್ಪಂದ. ಬರೆದಿಟ್ಟ ಅನ್ಯಾಯವನ್ನು ಅಳಿಸಬಹುದು, ಬರೆಯದೇ ಇಟ್ಟ ಅನ್ಯಾಯವನ್ನು ಅಳಿಸೋದು ಬಹಳ ಕಷ್ಟ ಸ್ವಾಮಿ. ಡಾಡ್ಜರ್ಸ್‌ನ ಬ್ರಾಂಚ್ ರಿಕಿ ಆ ಕೆಲಸಕ್ಕೆ ಕೈ ಹಾಕಿದ. ರಾಬಿನ್ಸನ್‌ಗೆ ಅವನು ಹಾಕಿದ ಷರತ್ತು ಒಂದೇ: ಯಾರು ಏನೇ ಬೈದರೂ ತಿರುಗಿ ಬೀಳಬಾರದು. ಎದುರಾಳಿ ತಂಡದವರು ಬೈದರು. ಪ್ರೇಕ್ಷಕರು ಬೈದರು. ಕೊಲ್ಲುತ್ತೇವೆ ಅಂತ ಪತ್ರಗಳೂ ಬಂದವು. ರಾಬಿನ್ಸನ್ ಹಲ್ಲು ಕಚ್ಚಿಕೊಂಡು ಆಡಿದ. ಮೊದಲ ವರ್ಷವೇ ವರ್ಷದ ಹೊಸ ಆಟಗಾರ ಪ್ರಶಸ್ತಿ. 1949ರಲ್ಲಿ ಇಡೀ ಲೀಗ್‌ನ ಅತ್ಯುತ್ತಮ ಆಟಗಾರ. ಅವನ ಹಿಂದೆ ರಾಯ್ ಕ್ಯಾಂಪನೆಲ್ಲಾ ಬಂದ, ಡಾನ್ ನ್ಯೂಕಂಬ್ ಬಂದ, ಜಿಮ್ ಗಿಲಿಯಂ ಬಂದ, ಕ್ಯೂಬಾದಿಂದ ಸ್ಯಾಂಡಿ ಅಮೊರೋಸ್ ಬಂದ.

ಯಾಂಕೀಸ್? ಗೆಲುವಿನ ಆ ಮಹಾ ತಂಡಕ್ಕೆ ತನ್ನ ಮೊದಲ ಕಪ್ಪು ಆಟಗಾರ ಎಲ್ಸ್ಟನ್ ಹೋವರ್ಡ್‌ನನ್ನು ಕಣಕ್ಕಿಳಿಸೋಕೆ ಇನ್ನೂ ಎಂಟು ವರ್ಷ ಬೇಕಾಯಿತು. ಅದು 1955. ಈ ಹೆಸರು ನೆನಪಿಟ್ಟುಕೊಳ್ಳಿ, ಕಥೆಯ ಕೊನೆಗೆ ಮತ್ತೆ ಬರುತ್ತೆ.

1955ರ ಸೆಪ್ಟೆಂಬರ್ 28. ವರ್ಲ್ಡ್ ಸೀರೀಸ್ ಶುರು. ಏಳು ಪಂದ್ಯಗಳಲ್ಲಿ ನಾಲ್ಕು ಗೆದ್ದವರು ಚಾಂಪಿಯನ್. ಮೊದಲ ಪಂದ್ಯದಲ್ಲಿ 36 ವರ್ಷದ ರಾಬಿನ್ಸನ್ ಒಂದು ಹುಚ್ಚು ಸಾಹಸ ಮಾಡಿದ. ಎದುರಾಳಿ ಚೆಂಡು ಎಸೆಯುತ್ತಿರುವಾಗಲೇ ಮೂರನೇ ಬೇಸ್‌ನಿಂದ ನೇರ ಹೋಮ್ ಕಡೆಗೆ ನುಗ್ಗಿದ. ಅಲ್ಲಿ ಕೂತಿದ್ದವನು ಯಾಂಕೀಸ್‌ನ ಕ್ಯಾಚರ್ ಯೋಗಿ ಬೆರ್ರಾ. ಹೌದು, ಯೋಗಿ! ನಿಜವಾದ ಹೆಸರು ಲಾರೆನ್ಸ್. ಅವನು ಕೂರುವ ಭಂಗಿ ನೋಡಿ, ಭಾರತದ ಯೋಗಿಗಳ ಹಾಗೆ ಕಾಣ್ತಾನೆ ಅಂತ ಗೆಳೆಯರು ಇಟ್ಟ ಹೆಸರು ಅದು. ಅಂಪೈರ್ 'ಸೇಫ್' ಅಂದ. ಬೆರ್ರಾ ಕುಣಿದಾಡಿಬಿಟ್ಟ. ಸಾಯುವವರೆಗೂ ಅವನದು ಒಂದೇ ಮಾತು: ರಾಬಿನ್ಸನ್ ಔಟಾಗಿದ್ದ. ಇಷ್ಟೆಲ್ಲ ಆದರೂ ಪಂದ್ಯ ಗೆದ್ದಿದ್ದು ಯಾಂಕೀಸೇ, 6-5. ಎರಡನೇ ಪಂದ್ಯವೂ ಅವರದೇ, 4-2. ಮೊದಲ ಎರಡು ಪಂದ್ಯ ಸೋತ ತಂಡ ಏಳು ಪಂದ್ಯಗಳ ಸರಣಿಯನ್ನು ಗೆದ್ದ ಉದಾಹರಣೆ ಆವರೆಗೆ ಇತಿಹಾಸದಲ್ಲೇ ಇರಲಿಲ್ಲ.

ಆಮೇಲೆ ಆಟ ಬ್ರೂಕ್ಲಿನ್‌ಗೆ ಬಂತು. ಸೆಪ್ಟೆಂಬರ್ 30ರಂದು ಚೆಂಡೆಸೆಯಲು ಬಂದವನು ಜಾನಿ ಪಾಡ್ರೆಸ್. ಆವತ್ತು ಅವನ 23ನೇ ಹುಟ್ಟುಹಬ್ಬ. ಆ ವರ್ಷ ಅವನು ಗೆಲ್ಲಿಸಿದ್ದು ಒಂಬತ್ತು ಪಂದ್ಯ, ಸೋತಿದ್ದು ಹತ್ತು. ಅಂಥವನನ್ನು ನಂಬಿ ಇಳಿಸಿದರು, ಅವನು ನಂಬಿಕೆ ಉಳಿಸಿದ. 8-3. ಮರುದಿನ 8-5, ಅದರ ಮರುದಿನ 5-3. ಮೂರಕ್ಕೆ ಮೂರೂ ಬ್ರೂಕ್ಲಿನ್‌ಗೆ! ಆರನೇ ಪಂದ್ಯ ಯಾಂಕೀಸ್ ಅಂಗಳದಲ್ಲಿ, ಅಲ್ಲಿ ಬ್ರೂಕ್ಲಿನ್ 5-1ರಿಂದ ಸೋತಿತು. ಸರಣಿ 3-3.

ಅಕ್ಟೋಬರ್ 4. ಕೊನೆಯ ಪಂದ್ಯ. ಯಾಂಕಿ ಸ್ಟೇಡಿಯಂನಲ್ಲಿ 62,465 ಜನ. ಬ್ರೂಕ್ಲಿನ್ ಪರ ಮತ್ತೆ ಅದೇ ಹುಡುಗ ಪಾಡ್ರೆಸ್. ನಾಲ್ಕನೇ ಇನ್ನಿಂಗ್ಸ್‌ನಲ್ಲಿ ಗಿಲ್ ಹಾಜಸ್ ಹೊಡೆದ ಚೆಂಡಿಗೆ ಕ್ಯಾಂಪನೆಲ್ಲಾ ಓಡಿ ಮೊದಲ ರನ್ ತಂದ. ಆರನೆಯದರಲ್ಲಿ ಎರಡನೇ ರನ್ ತರಿಸಿದವನೂ ಹಾಜಸ್. ಯಾರು ಈ ಹಾಜಸ್? 1952ರ ಸರಣಿಯಲ್ಲಿ 21 ಅವಕಾಶ ಸಿಕ್ಕಿ ಒಂದೇ ಒಂದು ಹಿಟ್ ಕಾಣದವನು. ಬೇರೆ ಊರಾಗಿದ್ದರೆ ಮನೆಗೆ ಕಲ್ಲು ಬೀಳುತ್ತಿತ್ತೇನೋ. ಬ್ರೂಕ್ಲಿನ್‌ನ ಜನ ಏನು ಮಾಡಿದರು ಗೊತ್ತಾ? ಚರ್ಚ್‌ಗಳಲ್ಲಿ ಅವನಿಗಾಗಿ ಪ್ರಾರ್ಥನೆ ಮಾಡಿದರು. ಮೂರು ವರ್ಷ ಆದಮೇಲೆ ಆ ಋಣ ಹೀಗೆ ತೀರಿತು.

ಆರನೇ ಇನ್ನಿಂಗ್ಸ್‌ನ ಉತ್ತರಾರ್ಧ. ಯಾಂಕೀಸ್‌ನ ಇಬ್ಬರು ಬೇಸ್ ಮೇಲೆ, ಒಬ್ಬನೂ ಔಟಾಗಿಲ್ಲ. ಬ್ಯಾಟ್ ಹಿಡಿದು ಬಂದವನು ಯೋಗಿ ಬೆರ್ರಾ. ಎಡಗೈ ಬ್ಯಾಟ್ಸ್‌ಮನ್, ಬಲಕ್ಕೆ ಹೊಡೆಯುವುದೇ ಅಭ್ಯಾಸ ಅಂತ ಫೀಲ್ಡರ್‌ಗಳೆಲ್ಲ ಬಲಕ್ಕೆ ಸರಿದಿದ್ದರು. ಬೆರ್ರಾ ಹೊಡೆದದ್ದು ಎಡ ಮೂಲೆಗೆ. ಅಲ್ಲಿ ಇದ್ದವನು ಅಮೊರೋಸ್. ಅದೇ ಇನ್ನಿಂಗ್ಸ್‌ನಲ್ಲಿ, ಕೆಲವೇ ನಿಮಿಷ ಮೊದಲು, ಆ ಜಾಗಕ್ಕೆ ಬಂದಿದ್ದವನು. ಓಡಿದ, ಓಡಿದ, ಗೋಡೆ ಹತ್ತಿರ ಬಂತು, ಬಲಗೈ ಚಾಚಿದ, ಚೆಂಡು ಗ್ಲೌಸಿನಲ್ಲಿ! ಅವನು ಎಡಗೈಯಲ್ಲಿ ಎಸೆಯುವವನಾದ್ದರಿಂದ ಗ್ಲೌಸು ಬಲಗೈಯಲ್ಲಿತ್ತು. ಮೊದಲು ಅಲ್ಲಿ ನಿಂತಿದ್ದ ಗಿಲಿಯಂನ ಗ್ಲೌಸು ಎಡಗೈಯಲ್ಲಿ. ಅವನಿದ್ದಿದ್ದರೆ ಆ ಚೆಂಡು ಸಿಗುತ್ತಿರಲಿಲ್ಲ ಅಂತ ಇವತ್ತಿಗೂ ವಾದ ಮಾಡುವವರಿದ್ದಾರೆ. ಅಮೊರೋಸ್ ಚೆಂಡನ್ನು ಪೀ ವೀ ರೀಸ್‌ಗೆ ಎಸೆದ, ರೀಸ್ ಹಾಜಸ್‌ಗೆ ಎಸೆದ, ಓಡುತ್ತಿದ್ದ ಇನ್ನೊಬ್ಬನೂ ಔಟ್. ಯಾಂಕೀಸ್‌ನ ಉಸಿರು ಅಲ್ಲಿಗೆ ಸಿಕ್ಕಿಕೊಂಡಿತು.

ಒಂಬತ್ತನೇ ಇನ್ನಿಂಗ್ಸ್. ಇಬ್ಬರು ಔಟ್. ಕೊನೆಯ ಬ್ಯಾಟ್ಸ್‌ಮನ್ ಯಾರು? ಎಲ್ಸ್ಟನ್ ಹೋವರ್ಡ್. ಚೆಂಡು ಹೋಗಿದ್ದು ಯಾರ ಕೈಗೆ? ರೀಸ್ ಕೈಗೆ. ಯಾಂಕೀಸ್ ಎದುರಿನ ಐದು ಸೋಲಿನಲ್ಲೂ ಮೈದಾನದಲ್ಲಿದ್ದ ರೀಸ್. ಅವನು ಹಾಜಸ್‌ಗೆ ಎಸೆದ. 2-0. ಬ್ರೂಕ್ಲಿನ್ ಗೆದ್ದಿತ್ತು. ಆ ರಾತ್ರಿ ಬೀದಿಬೀದಿಯಲ್ಲಿ ಹಬ್ಬ.

ನನ್ನಂಥ ಸುದ್ದಿಯವರಿಗೆ ಚುಚ್ಚುವ ಸಂಗತಿ ಒಂದಿದೆ. ಮರುದಿನ ಬೆಳಿಗ್ಗೆ ಈ ಸುದ್ದಿಯನ್ನು ಮುಖಪುಟದಲ್ಲಿ ಕೊಡಲು 'ಬ್ರೂಕ್ಲಿನ್ ಈಗಲ್' ಪತ್ರಿಕೆಯೇ ಇರಲಿಲ್ಲ. 1841ರಲ್ಲಿ ಹುಟ್ಟಿದ, ಕವಿ ವಾಲ್ಟ್ ವಿಟ್ಮನ್ ಒಂದು ಕಾಲಕ್ಕೆ ಸಂಪಾದಕನಾಗಿದ್ದ ಪತ್ರಿಕೆ ಅದು. ಅದೇ ವರ್ಷದ ಜನವರಿಯಲ್ಲಿ ನೌಕರರ ಮುಷ್ಕರ, ಆಮೇಲೆ ಬಾಗಿಲು ಬಂದ್. ಏಳೂ ಸೋಲನ್ನು ಬರೆದ ಪತ್ರಿಕೆಗೆ ಗೆಲುವನ್ನು ಬರೆಯುವ ಭಾಗ್ಯ ಇರಲಿಲ್ಲ. ಊರಿನ ಎರಡು ಗುರುತುಗಳಲ್ಲಿ ಒಂದು ಹೋಗಿತ್ತು.

ಇನ್ನೊಂದು? ಅದೂ ಹೊರಡಲು ಗಂಟು ಕಟ್ಟುತ್ತಿತ್ತು. ತಂಡದ ಒಡೆತನ ಆಗ ವಾಲ್ಟರ್ ಓಮ್ಯಾಲಿ ಹಿಡಿತದಲ್ಲಿತ್ತು. ಎಬೆಟ್ಸ್ ಫೀಲ್ಡ್ 1913ರ ಮೈದಾನ, ಸುಮಾರು 32,000 ಜನ ಕೂರಬಹುದು, ಕಾರು ನಿಲ್ಲಿಸಲು ಜಾಗವಿಲ್ಲ. 1947ರಲ್ಲಿ ವರ್ಷಕ್ಕೆ 18 ಲಕ್ಷ ಪ್ರೇಕ್ಷಕರು ಬಂದಿದ್ದರೆ, ಚಾಂಪಿಯನ್ ಆದ 1955ರಲ್ಲಿ ಬಂದವರು ಸುಮಾರು 10 ಲಕ್ಷ. ಮಧ್ಯಮ ವರ್ಗದ ಕುಟುಂಬಗಳು ಉಪನಗರಗಳಿಗೆ ಹೊರಟಿದ್ದವು, ಮನೆಗೆ ಟಿವಿ ಬಂದಿತ್ತು. ಹೀಗಾಗಿ ಗೆಲುವಿಗೆ ಕೆಲವೇ ವಾರ ಮೊದಲು, ಆಗಸ್ಟ್‌ನಲ್ಲೇ, ಮುಂದಿನ ವರ್ಷದ ಏಳು ಪಂದ್ಯ ಬೇರೆ ಊರಾದ ಜೆರ್ಸಿ ಸಿಟಿಯಲ್ಲಿ ಅಂತ ಓಮ್ಯಾಲಿ ಘೋಷಿಸಿಬಿಟ್ಟಿದ್ದ. ಅವನು ಕೇಳಿದ್ದು ಬ್ರೂಕ್ಲಿನ್‌ನಲ್ಲೇ, ಅಟ್ಲಾಂಟಿಕ್ ಮತ್ತು ಫ್ಲ್ಯಾಟ್‌ಬುಷ್ ರಸ್ತೆಗಳು ಸೇರುವ ಕಡೆ, ಹೊಸ ಸ್ಟೇಡಿಯಂ. ಕಟ್ಟಡ ನಾನೇ ಕಟ್ಟುತ್ತೇನೆ, ಭೂಮಿಯನ್ನು ಸ್ವಾಧೀನ ಮಾಡಿಸಿ ಕೊಡಿ ಅಂದ. ನಗರದ ಯೋಜನೆಗಳನ್ನೆಲ್ಲ ಮುಷ್ಟಿಯಲ್ಲಿಟ್ಟುಕೊಂಡಿದ್ದ ಅಧಿಕಾರಿ ರಾಬರ್ಟ್ ಮೋಸೆಸ್ ಒಪ್ಪಲಿಲ್ಲ. ಬೇಕಾದರೆ ಕ್ವೀನ್ಸ್ ಭಾಗದ ಫ್ಲಶಿಂಗ್ ಮೆಡೋಸ್‌ಗೆ ಹೋಗು ಅಂದ. ಬ್ರೂಕ್ಲಿನ್ ಬಿಟ್ಟ ಮೇಲೆ ಎಲ್ಲಿಗೆ ಹೋದರೇನು ಅನ್ನೋದು ಓಮ್ಯಾಲಿ ಲೆಕ್ಕ.

1957ರ ಸೆಪ್ಟೆಂಬರ್ 24ರಂದು ಎಬೆಟ್ಸ್ ಫೀಲ್ಡ್‌ನಲ್ಲಿ ಕೊನೆಯ ಪಂದ್ಯ. ಬಂದವರು 6,702 ಜನ. ಡಾಡ್ಜರ್ಸ್ ಗೆದ್ದಿತು. ಎಷ್ಟರಿಂದ ಗೊತ್ತಾ? ಅದೇ 2-0. ಎರಡು ವಾರದಲ್ಲಿ ತಂಡ ಲಾಸ್ ಏಂಜಲೀಸ್‌ಗೆ ಹೋಗುವುದು ಅಧಿಕೃತವಾಯಿತು. 1960ರ ಫೆಬ್ರವರಿಯಲ್ಲಿ ಮೈದಾನ ಕೆಡವಲು ಬಂದ ಕಬ್ಬಿಣದ ಗುಂಡಿಗೆ ಬೇಸ್‌ಬಾಲ್ ಥರ ಬಣ್ಣ ಬಳಿದಿದ್ದರು. ಇದನ್ನು ತಮಾಷೆ ಅನ್ನಬೇಕೋ, ಕ್ರೌರ್ಯ ಅನ್ನಬೇಕೋ? ಈಗ ಅಲ್ಲಿ ವಸತಿ ಸಮುಚ್ಚಯವಿದೆ. ಇನ್ನು ಲಾಸ್ ಏಂಜಲೀಸ್‌ನಲ್ಲಿ ತಂಡಕ್ಕೆ ಸ್ಟೇಡಿಯಂ ಎದ್ದ ಚಾವೆಜ್ ರಾವೀನ್ ಕೂಡ ಖಾಲಿ ಜಾಗವಾಗಿರಲಿಲ್ಲ. ಬಡವರಿಗೆ ಸರ್ಕಾರಿ ಮನೆ ಕಟ್ಟುತ್ತೇವೆ ಅಂತ ಮೆಕ್ಸಿಕನ್ ಮೂಲದ ಕುಟುಂಬಗಳನ್ನು ಮೊದಲೇ ಎಬ್ಬಿಸಿದ್ದರು. ಮನೆ ಬರಲಿಲ್ಲ, ಮೈದಾನ ಬಂತು.

ಹಾಗಾದರೆ ತಪ್ಪು ಯಾರದು? ಬ್ರೂಕ್ಲಿನ್‌ನ ಜನ ಬಹಳ ವರ್ಷ ಓಮ್ಯಾಲಿಯನ್ನೇ ಶಪಿಸಿದರು. ಮೋಸೆಸ್ ಹಟವೂ ಕಾರಣ ಅಂತ ಇತಿಹಾಸಕಾರರು ಆಮೇಲೆ ಹೇಳಿದರು. ನನ್ನ ಪ್ರಕಾರ ಇಬ್ಬರೂ ತಮ್ಮ ತಮ್ಮ ಕಡತದಲ್ಲಿ ಸರಿಯಾಗಿಯೇ ಇದ್ದರು. ಖಾಸಗಿ ವ್ಯಾಪಾರಕ್ಕೆ ಸರ್ಕಾರ ಯಾಕೆ ಭೂಮಿ ಹಿಡಿದುಕೊಡಬೇಕು ಅನ್ನೋ ಪ್ರಶ್ನೆ ಸುಳ್ಳಲ್ಲ. ಖಾಲಿ ಕುರ್ಚಿ ಇಟ್ಟುಕೊಂಡು ತಂಡ ನಡೆಸೋದು ಹೇಗೆ ಅನ್ನೋದೂ ಸುಳ್ಳಲ್ಲ. ಆದರೆ ಆ ಎರಡು ಕಡತಗಳಲ್ಲಿ ಒಂದರಲ್ಲೂ ಹಾಜಸ್‌ಗಾಗಿ ಪ್ರಾರ್ಥಿಸಿದ ಜನರ ಹೆಸರಿರಲಿಲ್ಲ. ತಂಡವನ್ನು ಕೊಂಡವನು ಮಾಲೀಕ ಹೌದು. ಏಳು ಸೋಲನ್ನು ಹೊತ್ತವರಿಗೆ ಅದರಲ್ಲಿ ಒಂದು ಪಾಲೂ ಇಲ್ಲವೇ? ಕಾನೂನು ಇಲ್ಲ ಅಂದಿತು.

ಇಷ್ಟಾದರೂ ಆ 1955 ಬರೀ ಕಪ್‌ನ ಲೆಕ್ಕವಲ್ಲ. ಆ ಕೊನೆಯ ಪಂದ್ಯದಲ್ಲಿ ರಾಬಿನ್ಸನ್ ಆಡಲೇ ಇಲ್ಲ. ಆದರೆ ಮೊದಲ ರನ್ ತಂದ ಕ್ಯಾಂಪನೆಲ್ಲಾ, ಚೆಂಡು ಹಿಡಿದ ಅಮೊರೋಸ್, ಕೊನೆಗೆ ಯಾಂಕೀಸ್ ಪರ ಬ್ಯಾಟ್ ಹಿಡಿದು ನಿಂತ ಹೋವರ್ಡ್, ಈ ಮೂವರೂ ಆ ಮೈದಾನಕ್ಕೆ ಬಂದದ್ದು ಅವನು 1947ರಲ್ಲಿ ತೆರೆದ ಬಾಗಿಲಿನಿಂದ. 1997ರಲ್ಲಿ ಅವನ 42ನೇ ನಂಬರನ್ನು ಇನ್ನು ಮುಂದೆ ಹೊಸಬರು ಯಾರೂ ತೊಡಬಾರದು ಅಂತ ಎಲ್ಲ ಮೇಜರ್ ಲೀಗ್ ತಂಡಗಳಲ್ಲೂ ಮೀಸಲಿಟ್ಟರು.

ಡಾಡ್ಜರ್ಸ್ ಈಗ ಲಾಸ್ ಏಂಜಲೀಸ್‌ನ ತಂಡ. 2024ರ ಫೈನಲ್‌ನಲ್ಲೂ ಯಾಂಕೀಸ್‌ನ ಸೋಲಿಸಿ ಕಪ್ ಎತ್ತಿತು. ಹೆಸರು ಅದೇ, ಆದರೆ ತಪ್ಪಿಸಿಕೊಳ್ಳಬೇಕಾದ ಟ್ರಾಮ್ ಅಲ್ಲಿಲ್ಲ. ಬ್ರೂಕ್ಲಿನ್‌ಗೆ ಸಿಕ್ಕಿದ್ದು ಒಂದೇ ಒಂದು ಕಪ್. ಆ ಊರಿನ ಜನ ಕಾದ 'ಮುಂದಿನ ವರ್ಷ' ಬಂದಿತ್ತು, ಒಂದೇ ಒಂದು ಸಲ. ತಂಡವನ್ನು ಎತ್ತಿಕೊಂಡು ಹೋದವರಿಗೆ ಅದನ್ನು ಮಾತ್ರ ಎತ್ತಿಕೊಂಡು ಹೋಗೋಕೆ ಆಗಲಿಲ್ಲ.